ಜೋ ಲೂಯಿಸ್: ಮುಷ್ಟಿ ದೇಶಕ್ಕೆ, ಸಾಲ ಅವನಿಗೆ

ಬಾಕ್ಸಿಂಗ್ ಅಂದ ತಕ್ಷಣ ನಮ್ಮ ವಯಸ್ಸಿನವರ ಬಾಯಿಗೆ ಬರೋದು ಎರಡೇ ಹೆಸರು: ಮಹಮ್ಮದ್ ಅಲಿ, ಮೈಕ್ ಟೈಸನ್. ನಮ್ಮ ಆರ್‌ಪಿಸಿ ಲೇಔಟ್ ಕಡೆ ಬಾಕ್ಸಿಂಗ್ ಅಂದ್ರೆ ಜಿಮ್ಮಿನ ಮೂಲೆಯಲ್ಲಿ ನೇತಾಡೋ ಒಂದು ಪಂಚಿಂಗ್ ಬ್ಯಾಗ್, ಅಷ್ಟೇ. ಬೆಂಗಳೂರಿಗೆ ಅಂಗಸಾಧನೆ ಹೊಸದೇನಲ್ಲ. ಪೇಟೆಯಲ್ಲಿ ಗರಡಿ ಮನೆಗಳಿದ್ದವು, ಜೆ.ಸಿ. ರಸ್ತೆಯಲ್ಲಿ ‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಅವರ ಹರ್ಕ್ಯುಲಿಸ್ ಜಿಮ್ನೇಷಿಯಂ ಇತ್ತು. ಆದರೆ ಗುದ್ದಾಟ ಮಾತ್ರ ಯಾಕೋ ನಮ್ಮ ಆಟ ಆಗಲೇ ಇಲ್ಲ. ಅದಕ್ಕೇ ಇರಬೇಕು, ಅಲಿಗಿಂತ ಮುಂಚೆ ಹನ್ನೊಂದು ವರ್ಷ ಎಂಟು ತಿಂಗಳು ಹೆವಿವೇಟ್ ಪಟ್ಟ ಬಿಟ್ಟುಕೊಡದೆ ಕೂತಿದ್ದ ಒಬ್ಬ ಮನುಷ್ಯನ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ಹೆಚ್ಚೇನೂ ಸಿಗಲ್ಲ. ಅವನು ಜೋ ಲೂಯಿಸ್. ಪಟ್ಟ ಉಳಿಸಿಕೊಳ್ಳೋಕೆ ಸತತ 25 ಸಲ ರಿಂಗಿಗೆ ಇಳಿದ, 25 ಸಲವೂ ಉಳಿಸಿಕೊಂಡ. ಹೆವಿವೇಟ್‌ನಲ್ಲಿ ಆ ದಾಖಲೆ ಇವತ್ತಿಗೂ ಹಾಗೇ ಇದೆ.

ಪೂರ್ತಿ ಹೆಸರು ಜೋಸೆಫ್ ಲೂಯಿಸ್ ಬ್ಯಾರೋ. 1914ರ ಮೇ 13ರಂದು ಅಮೆರಿಕದ ಅಲಬಾಮಾ ರಾಜ್ಯದಲ್ಲಿ, ಲಫಾಯೆಟ್ ಎಂಬ ಊರಿನ ಹತ್ತಿರ ಹುಟ್ಟಿದ. ಎಂಟು ಮಕ್ಕಳಲ್ಲಿ ಏಳನೆಯವನು. ಅವನ ಅಜ್ಜ ಅಜ್ಜಿಯರ ಕಾಲಕ್ಕೆ ಆ ಮನೆತನದವರು ಗುಲಾಮರು. ಅಪ್ಪ ಬೇರೆಯವರ ಹೊಲವನ್ನ ಪಾಲಿಗೆ ಮಾಡ್ತಿದ್ದ, ಬೆಳೆಯೋದು ಹತ್ತಿ. ಜೋಗೆ ಎರಡು ವರ್ಷ ಇದ್ದಾಗ ಅಪ್ಪನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಕೆಲವು ವರ್ಷಗಳಾದ ಮೇಲೆ ಅವನು ಸತ್ತನೆಂಬ ಸುದ್ದಿ ಬಂತು, ತಾಯಿ ಲಿಲ್ಲಿ ಇನ್ನೊಂದು ಮದುವೆಯಾದಳು. ಸುದ್ದಿ ಸುಳ್ಳು. ಅಪ್ಪ 1938ರವರೆಗೂ ಅದೇ ಆಸ್ಪತ್ರೆಯಲ್ಲಿ ಬದುಕಿದ್ದ, ತನ್ನ ಮಗ ಲೋಕಕ್ಕೇ ಚಾಂಪಿಯನ್ ಆಗಿದ್ದಾನೆ ಅಂತ ತಿಳಿಯದೇನೇ ಸತ್ತ. ಸಿನಿಮಾದಲ್ಲಿ ಹೀಗೆ ತೋರಿಸಿದ್ರೆ ಓವರ್ ಆಯ್ತು ಅಂತೀವಿ.

1926ರಲ್ಲಿ ಸಂಸಾರ ಡೆಟ್ರಾಯಿಟ್‌ಗೆ ಬಂತು. ಹಳ್ಳಿಯಲ್ಲಿ ಕು ಕ್ಲಕ್ಸ್ ಕ್ಲ್ಯಾನ್ ಎಂಬ ಬಿಳಿಯರ ಗುಂಪಿನ ಕಾಟ, ನಗರದಲ್ಲಿ ಫೋರ್ಡ್ ಕಂಪನಿಯ ಕೆಲಸ. ಜೋ ಓದಿನಲ್ಲಿ ಹಿಂದೆ, ಮಾತೂ ಕಡಿಮೆ. ಮರಗೆಲಸ ಕಲಿಸುವ ಶಾಲೆಗೆ ಸೇರಿಸಿದರು. ತಾಯಿಗೆ ಮಗ ವಯೊಲಿನ್ ಕಲೀಲಿ ಅಂತ ಆಸೆ, ಪಾಠಕ್ಕೆ ದುಡ್ಡು ಕೊಟ್ಟಳು. ಆ ದುಡ್ಡು ಹೋಗಿದ್ದು ಬಾಕ್ಸಿಂಗ್ ಜಿಮ್ಮಿಗೆ. (ಟ್ಯೂಷನ್ ಫೀಸಿನ ಇಂಥ ಕಥೆಗಳು ವಿಜಯನಗರದಲ್ಲೂ ಬೇಕಾದಷ್ಟು ಸಿಗುತ್ತವೆ, ಚಾಂಪಿಯನ್ ಆದವರು ಮಾತ್ರ ಕಮ್ಮಿ.) 1932ರಲ್ಲಿ ಆಡಿದ ಮೊದಲ ಅಮೆಚೂರ್ ಪಂದ್ಯದಲ್ಲಿ ಮತ್ತೆ ಮತ್ತೆ ನೆಲಕ್ಕೆ ಬಿದ್ದು ಸೋತ. ಸ್ವಲ್ಪ ದಿನ ಬಿಟ್ಟೇಬಿಟ್ಟು ಫೋರ್ಡ್ ಕಾರ್ಖಾನೆಗೆ ಹೋದ. ಆಮೇಲೆ ವಾಪಸ್ ಬಂದ. 1934ರ ಜುಲೈ 4ರಂದು ಶಿಕಾಗೋದಲ್ಲಿ ಮೊದಲ ವೃತ್ತಿಪರ ಪಂದ್ಯ, ಮೊದಲ ಸುತ್ತಿನಲ್ಲೇ ನಾಕೌಟ್.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಜೋಗಿಂತ ಮುಂಚೆ ಒಬ್ಬನೇ ಒಬ್ಬ ಕಪ್ಪು ಹೆವಿವೇಟ್ ಚಾಂಪಿಯನ್ ಇದ್ದ, ಜ್ಯಾಕ್ ಜಾನ್ಸನ್. 1908ರಲ್ಲಿ ಗೆದ್ದ. 1910ರಲ್ಲಿ ಬಿಳಿಯರ ಹೀರೋ ಜೆಫ್ರೀಸ್‌ನನ್ನ ಹೊಡೆದು ಮಲಗಿಸಿದಾಗ ಅಮೆರಿಕದ ಹಲವು ಊರುಗಳಲ್ಲಿ ಗಲಭೆಯಾಗಿ ಜನ ಸತ್ತರು. ಜಾನ್ಸನ್ ಗೆದ್ದರೆ ನಗುತ್ತಿದ್ದ, ಎದುರಾಳಿಯನ್ನ ಕಿಚಾಯಿಸ್ತಿದ್ದ, ಬಿಳಿ ಹೆಂಗಸರನ್ನ ಮದುವೆಯಾದ. 1915ರಲ್ಲಿ ಅವನು ಸೋತ ಮೇಲೆ 22 ವರ್ಷ ಯಾವ ಕಪ್ಪು ಬಾಕ್ಸರ್‌ಗೂ ಹೆವಿವೇಟ್ ಪಟ್ಟಕ್ಕೆ ಸೆಣಸೋ ಅವಕಾಶವನ್ನೇ ಕೊಡಲಿಲ್ಲ. ಆ ಬಾಗಿಲಿಗೆ ಯಾರೂ ಬೋರ್ಡ್ ಹಾಕಿರಲಿಲ್ಲ, ಆದರೆ ಬೀಗ ಹಾಕಿತ್ತು.

ಜೋನ ಮ್ಯಾನೇಜರ್‌ಗಳಾದ ಜಾನ್ ರಾಕ್ಸ್‌ಬರೋ ಮತ್ತು ಜೂಲಿಯನ್ ಬ್ಲ್ಯಾಕ್ ಇಬ್ಬರೂ ಕಪ್ಪು ಜನ. ರಾಕ್ಸ್‌ಬರೋ ಡೆಟ್ರಾಯಿಟ್‌ನಲ್ಲಿ ನಂಬರ್ ಆಟ, ಅಂದರೆ ನಮ್ಮ ಮಟ್ಕಾ ಥರದ್ದು, ನಡೆಸ್ತಿದ್ದ. ಇಬ್ಬರಿಗೂ ಬೀಗದ ವಿಷಯ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಹುಡುಗನಿಗೆ ಕಟ್ಟುಪಾಡು ಹಾಕಿದರು. ಬಿಳಿ ಹೆಂಗಸಿನ ಪಕ್ಕ ಫೋಟೋ ತೆಗೆಸಿಕೊಳ್ಳಬಾರದು. ಬಿದ್ದವನ ಮುಂದೆ ನಿಂತು ಮೆರೆಯಬಾರದು. ಗೆದ್ದಾಗ ನಗಲೂಬಾರದು. ಜೋನ ಹಳೇ ಫೋಟೋಗಳಲ್ಲಿ ಆ ಮುಖ ಕಲ್ಲಿನ ಹಾಗೆ ಕಾಣೋದು ಸುಮ್ಮನೆ ಅಲ್ಲ. ನಮಗೆ ಇದು ಅವನು ತಿಂದ ಯಾವ ಏಟಿಗಿಂತಲೂ ಜಾಸ್ತಿ ನೋವು ಕೊಡುತ್ತೆ. ಇಪ್ಪತ್ತು ಇಪ್ಪತ್ತೊಂದರ ಹುಡುಗ, ಗೆದ್ದ ಖುಷಿಯನ್ನ ಮುಖದ ಮೇಲೆ ತೋರಿಸೋ ಹಾಗಿಲ್ಲ.

ರಿಂಗಿನ ಕೆಲಸ ಕಲಿಸಿದವನು ಜ್ಯಾಕ್ ಬ್ಲ್ಯಾಕ್‌ಬರ್ನ್ ಅನ್ನೋ ಹಳೇ ಬಾಕ್ಸರ್. ಜೋ ಕುಣಿಯುತ್ತಿರಲಿಲ್ಲ. ಕಾಲು ಎಳೆದುಕೊಂಡು ಒಂದೊಂದೇ ಹೆಜ್ಜೆ ಮುಂದೆ ಬಂದು, ಕೆಲವೇ ಇಂಚು ದೂರದಿಂದ ಗುದ್ದು ಬಿಡ್ತಿದ್ದ. ಮೊದಲ ವರ್ಷದ ಮೆಕ್ಯಾನಿಕ್ಸ್‌ನಲ್ಲಿ ಓದಿದ ಇಂಪಲ್ಸ್ ನೆನಪಿಸಿಕೊಳ್ಳಿ: ಬಲ ಎಷ್ಟು ಕಡಿಮೆ ಹೊತ್ತಿನಲ್ಲಿ ತಲುಪುತ್ತೆ ಅನ್ನೋದೇ ಮುಖ್ಯ. ಯೂಟ್ಯೂಬಲ್ಲಿ ಅವನ ಪಂದ್ಯ ಸಿಗುತ್ತೆ, ನಿಧಾನ ಮಾಡಿ ನೋಡಿ. ಕೈ ಹೊರಟಿದ್ದು ಕಾಣಲ್ಲ, ಎದುರಿನವನು ಬಿದ್ದಿದ್ದು ಮಾತ್ರ ಕಾಣುತ್ತೆ. 1935ರಲ್ಲಿ ಹಿಂದಿನ ಚಾಂಪಿಯನ್‌ಗಳಾದ ಪ್ರೀಮೊ ಕಾರ್ನೆರಾ, ಮ್ಯಾಕ್ಸ್ ಬೇರ್ ಇಬ್ಬರನ್ನೂ ಮಲಗಿಸಿದ. ಬೇರ್ ಪಂದ್ಯಕ್ಕೆ ಕೆಲವೇ ಗಂಟೆ ಮುಂಚೆ ಮಾರ್ವಾ ಟ್ರಾಟರ್ ಜೊತೆ ಮದುವೆ ಬೇರೆ ಆಗಿತ್ತು! ಅದೇ ಸಮಯದಲ್ಲಿ ಇನ್ನೊಂದು ಕೆಲಸ ಮಾಡಿದ. ಬಡತನದಲ್ಲಿದ್ದಾಗ ಡೆಟ್ರಾಯಿಟ್ ಸರ್ಕಾರ ಅವನ ಮನೆಗೆ ಸುಮಾರು 270 ಡಾಲರ್ ಪರಿಹಾರಧನ ಕೊಟ್ಟಿತ್ತು. ಯಾರೂ ಕೇಳದೇ ಇದ್ದರೂ ಅದನ್ನ ವಾಪಸ್ ಕಟ್ಟಿದ. ಈ 270 ಡಾಲರ್ ನೆನಪಿಟ್ಟುಕೊಳ್ಳಿ.

1936ರ ಜೂನ್ 19. ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಎದುರು ಪಂದ್ಯ. ಶ್ಮೆಲಿಂಗ್ ಹಳೇ ಪಂದ್ಯಗಳ ಫಿಲ್ಮ್ ನೋಡಿ ನೋಡಿ ಒಂದು ತಪ್ಪು ಹಿಡಿದಿದ್ದ: ಎಡಗೈ ಜ್ಯಾಬ್ ಹೊಡೆದ ಮೇಲೆ ಜೋ ಆ ಕೈಯನ್ನ ಕೆಳಗೆ ಬಿಡ್ತಾನೆ. ಇತ್ತ ಜೋಗೆ ಹೊಸದಾಗಿ ಗಾಲ್ಫ್ ಹುಚ್ಚು ಹಿಡಿದಿತ್ತು, ಅಭ್ಯಾಸ ಅಷ್ಟಕ್ಕಷ್ಟೇ. ಆ ಕೈ ಕೆಳಗಿಳಿದಾಗಲೆಲ್ಲ ಶ್ಮೆಲಿಂಗ್‌ನ ಬಲಗೈ ಬಂತು. 12ನೇ ಸುತ್ತಿನಲ್ಲಿ ಜೋ ನಾಕೌಟ್. ಹಿಟ್ಲರನ ಸರ್ಕಾರ ಅದನ್ನ ಜನಾಂಗದ ಗೆಲುವು ಅಂತ ಸಾರಿಕೊಂಡಿತು. ಆದರೂ ಮುಂದಿನ ವರ್ಷ ಜೂನ್ 22ಕ್ಕೆ ಶಿಕಾಗೋದಲ್ಲಿ ಜೇಮ್ಸ್ ಬ್ರಾಡಾಕ್‌ನನ್ನ ಎಂಟನೇ ಸುತ್ತಿನಲ್ಲಿ ಸೋಲಿಸಿ ಜೋ ಚಾಂಪಿಯನ್ ಆದ. 22 ವರ್ಷದ ಬೀಗ ಒಡೀತು. ಶ್ಮೆಲಿಂಗ್‌ನನ್ನ ಸೋಲಿಸೋವರೆಗೂ ತಾನು ಚಾಂಪಿಯನ್ ಅನ್ನೋದನ್ನ ಅವನೇ ಒಪ್ಪಿಕೊಳ್ಳಲಿಲ್ಲ.

ಅದಕ್ಕೆ ಸರಿಯಾಗಿ ಒಂದು ವರ್ಷ ಆಯ್ತು. 1938ರ ಜೂನ್ 22, ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂ, ಸುಮಾರು 70,000 ಜನ. ಮನೆ ಮನೆಯಲ್ಲಿ ರೇಡಿಯೋ. ಯುದ್ಧ ಇನ್ನೂ ಶುರುವಾಗಿರಲಿಲ್ಲ, ಆದರೆ ಎಲ್ಲರಿಗೂ ಅದರ ವಾಸನೆ ಹತ್ತಿತ್ತು. ಪಂದ್ಯ ನಡೆದಿದ್ದು 2 ನಿಮಿಷ 4 ಸೆಕೆಂಡು. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ ವಿಜಯನಗರದಲ್ಲಿ ಇಳಿಯೋ ಹೊತ್ತು. ಅಷ್ಟರಲ್ಲಿ ಶ್ಮೆಲಿಂಗ್‌ನ ಬೆನ್ನುಮೂಳೆಗೆ ಪೆಟ್ಟಾಗಿ ಆಸ್ಪತ್ರೆ ಸೇರಬೇಕಾಯ್ತು.

ಆ ರಾತ್ರಿಯ ಒಂದು ಸಂಗತಿಯನ್ನ ಮುಂದೆ ಅಮೆರಿಕದ ಅಧ್ಯಕ್ಷನಾದ ಜಿಮ್ಮಿ ಕಾರ್ಟರ್ ಬರೆದಿಟ್ಟಿದ್ದಾನೆ. ಆಗ ಅವನು ಜಾರ್ಜಿಯಾದ ಹಳ್ಳಿಯೊಂದರಲ್ಲಿ 13 ವರ್ಷದ ಹುಡುಗ. ಅಕ್ಕಪಕ್ಕದ ಕಪ್ಪು ಕೂಲಿಗಳು ಬಂದು ಪಂದ್ಯ ಕೇಳಬಹುದಾ ಅಂತ ಅವನ ಅಪ್ಪನನ್ನ ಕೇಳಿದರು. ಅಪ್ಪ ರೇಡಿಯೋವನ್ನ ಕಿಟಕಿಯಲ್ಲಿಟ್ಟ, ಅವರು ಅಂಗಳದಲ್ಲಿ ನಿಂತು ಕೇಳಿದರು. ಜೋ ಗೆದ್ದ. ಒಬ್ಬರೂ ಉಸಿರೆತ್ತಲಿಲ್ಲ. ಬಿಳಿ ಯಜಮಾನನಿಗೆ ಥ್ಯಾಂಕ್ಸ್ ಹೇಳಿ, ರಸ್ತೆ ದಾಟಿ, ರೈಲು ಹಳಿ ದಾಟಿ, ತಮ್ಮ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಅಲ್ಲಿಂದ ರಾತ್ರಿಯಿಡೀ ಕೇಕೆ. ಜೋನ ಮುಖಕ್ಕೆ ಹಾಕಿದ ಕಟ್ಟುಪಾಡೇ ಆ ಅಂಗಳದಲ್ಲೂ ಇತ್ತು.

ಶ್ಮೆಲಿಂಗ್ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯ. ಅವನು ನಾಜಿ ಪಕ್ಷ ಸೇರಿರಲಿಲ್ಲ, ಅಮೆರಿಕದಲ್ಲಿ ಅವನ ಮ್ಯಾನೇಜರ್ ಒಬ್ಬ ಯಹೂದಿ, ಬಿಡು ಅಂದರೂ ಬಿಡಲಿಲ್ಲ. ಅದೇ 1938ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಯಹೂದಿಗಳ ಮೇಲೆ ದಾಳಿಯಾದಾಗ ಇಬ್ಬರು ಯಹೂದಿ ಹುಡುಗರನ್ನ ತನ್ನ ಹೋಟೆಲ್ ರೂಮಿನಲ್ಲಿ ಬಚ್ಚಿಟ್ಟು ಕಾಪಾಡಿದ.

ಮುಂದಿನ ಮೂರು ವರ್ಷ ಜೋ ಗೆಲ್ಲುತ್ತಲೇ ಹೋದ. 1941ರಲ್ಲಿ ಬಿಲ್ಲಿ ಕಾನ್ ಅನ್ನೋ ಹಗುರ ತೂಕದ ಚುರುಕು ಬಾಕ್ಸರ್ ಮಾತ್ರ 12 ಸುತ್ತು ಮುಗಿಯೋವರೆಗೂ ಪಾಯಿಂಟ್ಸ್‌ನಲ್ಲಿ ಮುಂದಿದ್ದ. ದೂರ ದೂರ ಓಡಾಡಿಕೊಂಡಿದ್ದರೆ ಪಟ್ಟ ಅವನದೇ. 13ರಲ್ಲಿ ನಾಕೌಟ್ ಮಾಡೋ ಆಸೆಗೆ ಹತ್ತಿರ ಹೋದ, ಮುಗೀತು.

ಆ ವರ್ಷದ ಕೊನೆಗೆ ಅಮೆರಿಕ ಯುದ್ಧಕ್ಕಿಳಿಯಿತು. 1942ರ ಜನವರಿ 9ರಂದು ಜೋ ಬಡ್ಡಿ ಬೇರ್ ಎದುರು ಆಡಿ ತನ್ನ ಪಾಲಿನ ಹಣವನ್ನ ನೌಕಾಪಡೆಯ ಪರಿಹಾರ ನಿಧಿಗೆ ಕೊಟ್ಟ. ಆಗಿನ ನೌಕಾಪಡೆಯಲ್ಲಿ ಕಪ್ಪು ಜನರಿಗೆ ಸಿಗ್ತಿದ್ದಿದ್ದು ಹೆಚ್ಚುಕಮ್ಮಿ ಅಡುಗೆ ಬಡಿಸೋ ಕೆಲಸ ಮಾತ್ರ. ಅಂಥವರಿಗೆ ಯಾಕೆ ದುಡ್ಡು ಅಂತ ಕಪ್ಪು ಪತ್ರಿಕೆಗಳೂ ಕೇಳಿದವು. ಮಾರ್ಚ್‌ನಲ್ಲಿ ಏಬ್ ಸೈಮನ್ ಪಂದ್ಯದ ಹಣ ಭೂಸೇನೆಯ ನಿಧಿಗೆ ಹೋಯ್ತು. ಎರಡೂ ಸೇರಿ 80,000 ಡಾಲರ್ ಆಸುಪಾಸು. ಬಡ್ಡಿ ಬೇರ್ ಪಂದ್ಯ ಮುಗಿದ ಕೂಡಲೇ ಸೇನೆಗೆ ಸೇರಿದ, ಸಾಮಾನ್ಯ ಸಿಪಾಯಿ, ತಿಂಗಳಿಗೆ 21 ಡಾಲರ್ ಸಂಬಳ. ಸುಮಾರು 20 ಲಕ್ಷ ಸೈನಿಕರ ಮುಂದೆ 96 ಪ್ರದರ್ಶನ ಪಂದ್ಯ ಆಡಿದ. ಕಪ್ಪು ಸೈನಿಕರನ್ನ ಹಿಂದೆ ಕೂರಿಸಿದ ಕಡೆ ಆಡಲ್ಲ ಅಂತ ಪಟ್ಟು ಹಿಡಿದ. ಅಲಬಾಮಾದ ಸೇನಾ ಶಿಬಿರದಲ್ಲಿ ಬಿಳಿಯರ ಬೆಂಚಿನ ವಿಷಯಕ್ಕೆ ಜೋನನ್ನೂ ಶುಗರ್ ರೇ ರಾಬಿನ್ಸನ್‌ನನ್ನೂ ಮಿಲಿಟರಿ ಪೊಲೀಸರು ಹಿಡಿದರು. ಹುಟ್ಟಿದ ರಾಜ್ಯ ಅವನನ್ನ ಬರಮಾಡಿಕೊಂಡಿದ್ದು ಹೀಗೆ.

ಈಗ ಲೆಕ್ಕಕ್ಕೆ ಬರೋಣ. ಬಹಳ ಜನ ಜೋ ದುಂದುಗಾರ, ದುಡ್ಡು ಹಾಳುಮಾಡಿಕೊಂಡ ಅಂತ ಎರಡೇ ಸಾಲಲ್ಲಿ ಮುಗಿಸ್ತಾರೆ. ದುಂದು ಇತ್ತು, ಸುಳ್ಳಲ್ಲ. ಗಾಲ್ಫ್ ಬೆಟ್ಟಿಂಗ್, ನಡೆಯದ ವ್ಯಾಪಾರಗಳು, ಕೇಳಿದವರಿಗೆಲ್ಲ ಕೈಬಿಚ್ಚಿ ಕೊಡೋದು. ಆದರೆ ಅವನ ಪಂದ್ಯಗಳ ಗಳಿಕೆ ಒಟ್ಟು 46 ಲಕ್ಷ ಡಾಲರ್‌ಗೂ ಹೆಚ್ಚು, ಅವನ ಕೈಗೆ ಬಂದಿದ್ದು ಸುಮಾರು 8 ಲಕ್ಷ. ಉಳಿದಿದ್ದು ಮ್ಯಾನೇಜರ್, ಪ್ರೊಮೋಟರ್‌ಗಳ ಪಾಲು. ಸೇನೆಯಲ್ಲಿದ್ದಾಗ ಸಂಸಾರ ನಡೆಸೋಕೆ ಪ್ರೊಮೋಟರ್ ಮೈಕ್ ಜೇಕಬ್ಸ್ ಹತ್ತಿರ ಸಾಲ ಮಾಡಿದ್ದ. 1946ರಲ್ಲಿ ಕಾನ್ ಜೊತೆ ಎರಡನೇ ಪಂದ್ಯಕ್ಕೆ ಅವನ ಪಾಲು ಸುಮಾರು 6 ಲಕ್ಷ ಡಾಲರ್. ಹಳೇ ಸಾಲ, ಕಮಿಷನ್ ಎಲ್ಲ ಕಳೆದ ಮೇಲೆ ತೆರಿಗೆ ಕಟ್ಟೋಕೆ ಏನೂ ಉಳಿಯಲಿಲ್ಲ. ಮೇಲಿಂದ ಸೇನಾ ನಿಧಿಗಳಿಗೆ ದಾನ ಕೊಟ್ಟ ಆ ಎರಡು ಪಂದ್ಯಗಳ ಹಣವನ್ನೂ ತೆರಿಗೆ ಇಲಾಖೆ ಅವನ ಆದಾಯ ಅಂತಲೇ ಹಿಡಿಯಿತು. ದೇಶಕ್ಕೆ ಕೊಟ್ಟಿದ್ದಕ್ಕೆ ದೇಶಕ್ಕೇ ತೆರಿಗೆ!

1949ರ ಮಾರ್ಚ್‌ನಲ್ಲಿ ಅಜೇಯ ಚಾಂಪಿಯನ್ ಆಗಿಯೇ ನಿವೃತ್ತನಾದ. ಮರುವರ್ಷ ಬಂದ ತೆರಿಗೆ ಲೆಕ್ಕ 5 ಲಕ್ಷ ಡಾಲರ್‌ಗೂ ಮೇಲೆ. ಗುದ್ದೋದು ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದವನು 36ನೇ ವಯಸ್ಸಿಗೆ ಮತ್ತೆ ಗ್ಲೌಸ್ ಹಾಕಿದ. ಎಜರ್ಡ್ ಚಾರ್ಲ್ಸ್ ಎದುರು 15 ಸುತ್ತು ಏಟು ತಿಂದು ಸೋತ. 1951ರ ಅಕ್ಟೋಬರ್‌ನಲ್ಲಿ ರಾಕಿ ಮಾರ್ಸಿಯಾನೋ ಎಂಟನೇ ಸುತ್ತಿನಲ್ಲಿ ಅವನನ್ನ ಹಗ್ಗದಾಚೆಗೆ ಬೀಳಿಸಿದ. ಆಮೇಲೆ ಮಾರ್ಸಿಯಾನೋ ಜೋನ ಕೋಣೆಗೆ ಹೋಗಿ ಅತ್ತ, ಚಿಕ್ಕಂದಿನಿಂದ ಅವನ ಹೀರೋ ಜೋ.

ಆಗ ಮೇಲಿನ ಹಂತದ ಆದಾಯಕ್ಕೆ ಅಮೆರಿಕದಲ್ಲಿ ತೆರಿಗೆ 90 ಪರ್ಸೆಂಟ್ ದಾಟಿತ್ತು. ಹಾಗಾಗಿ ದುಡಿದಷ್ಟೂ ಹೊಸ ತೆರಿಗೆ, ಹಳೆಯದಕ್ಕೆ ಬಡ್ಡಿ ಬೇರೆ. ಅಸಲು ಹಾಗೇ ಇರುತ್ತೆ, ಸಾಲ ಮಾತ್ರ ಬೆಳೆಯುತ್ತೆ. ಕೊನೆಗೆ ಅದು 10 ಲಕ್ಷ ಡಾಲರ್ ಮೀರಿತು. 1953ರಲ್ಲಿ ತಾಯಿ ತೀರಿಕೊಂಡಾಗ ಮಗನಿಗೆ ಬಿಟ್ಟುಹೋದ 667 ಡಾಲರನ್ನೂ ಇಲಾಖೆ ಜಪ್ತಿ ಮಾಡಿತು. ವಯೊಲಿನ್ ಪಾಠಕ್ಕೆ ದುಡ್ಡು ಕೊಟ್ಟಿದ್ದ ತಾಯಿ ಅವಳು. ಯಾರೂ ಕೇಳದ 270 ಡಾಲರ್ ವಾಪಸ್ ಕಟ್ಟಿದ್ದ ಮನೆ ಅದು. 1956ರಲ್ಲಿ ಜೋ ದುಡ್ಡಿಗಾಗಿ ಟಿಕೆಟ್ ಕುಸ್ತಿಗೂ ಇಳಿದ, ಎದೆಗೆ ಪೆಟ್ಟಾಗಿ ಬಿಡಬೇಕಾಯ್ತು. ಮುಂದೆ 1960ರ ದಶಕದಲ್ಲಿ, ಈಗ ದುಡಿಯೋದಕ್ಕೆ ತಕ್ಕಷ್ಟು ಮಾತ್ರ ಕಟ್ಟು ಅಂತ ಇಲಾಖೆ ಒಪ್ಪಿತು.

ಕೊನೆಯ ವರ್ಷಗಳು ಚೆನ್ನಾಗಿರಲಿಲ್ಲ. ಕೊಕೇನ್, ಯಾರೋ ಕೊಲ್ಲೋಕೆ ಬರ್ತಿದ್ದಾರೆ ಅನ್ನೋ ಭಯ, 1970ರಲ್ಲಿ ಮಾನಸಿಕ ಚಿಕಿತ್ಸೆ. ವಕೀಲೆಯಾಗಿದ್ದ ಹೆಂಡತಿ ಮಾರ್ಥಾ ಕೈಬಿಡದೆ ನೋಡಿಕೊಂಡಳು. ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೆಸ್ ಹೋಟೆಲಿನಲ್ಲಿ ಬಂದವರಿಗೆ ಕೈಕುಲುಕೋ ಕೆಲಸ. ಕೆಲವರು ಇದನ್ನ ಅವಮಾನ ಅಂತಾರೆ. ನಮಗೆ ಹಾಗನ್ನಿಸಲ್ಲ, ಅಲ್ಲಿ ಜನ ಅವನನ್ನ ನೋಡೋಕೇ ಬರ್ತಿದ್ದರು. 1977ರಲ್ಲಿ ಹೃದಯದ ಆಪರೇಷನ್ ಆಗಿ ವೀಲ್‌ಚೇರ್ ಹಿಡಿದ. 1981ರ ಏಪ್ರಿಲ್ 11ರ ರಾತ್ರಿ ಲ್ಯಾರಿ ಹೋಮ್ಸ್‌ನ ಪಂದ್ಯ ನೋಡಿದ, ಮರುದಿನ ತೀರಿಕೊಂಡ. 66 ವರ್ಷ.

ಆರ್ಲಿಂಗ್ಟನ್‌ನ ರಾಷ್ಟ್ರೀಯ ಸೈನಿಕ ಸ್ಮಶಾನದಲ್ಲಿ ಮಣ್ಣು ಮಾಡೋಕೆ ನಿಯಮದಲ್ಲಿ ಅವಕಾಶ ಇರಲಿಲ್ಲ, ಅಧ್ಯಕ್ಷ ರೇಗನ್ ವಿನಾಯ್ತಿ ಕೊಟ್ಟರು. ಅಂತ್ಯಕ್ರಿಯೆಯ ಖರ್ಚಿಗೆ ಹಣ ಕೊಟ್ಟವರಲ್ಲಿ ಒಬ್ಬ, ಯುದ್ಧದ ನಂತರ ಜರ್ಮನಿಯಲ್ಲಿ ಕೋಕಾ ಕೋಲಾ ವ್ಯಾಪಾರದಲ್ಲಿ ಚೆನ್ನಾಗಿ ದುಡಿದು, ಎಷ್ಟೋ ವರ್ಷದಿಂದ ಜೋಗೆ ಸದ್ದಿಲ್ಲದೆ ಸಹಾಯ ಮಾಡ್ತಿದ್ದ ಗೆಳೆಯ, ಮ್ಯಾಕ್ಸ್ ಶ್ಮೆಲಿಂಗ್.