ಮೊಮ್ಮಕ್ಕಳಿಲ್ಲದ ಅಜ್ಜಿ: ಪಂಡಿತಾ ರಮಾಬಾಯಿಯವರ ಜೀವಿತ



ನಮ್ಮ ಹಳ್ಳಿಗಳಲ್ಲಿ ಮುಪ್ಪಾದ ಅಜ್ಜಿಯೊಬ್ಬಳು ತೀರಿಕೊಂಡರೆ, ಆಕೆಯು ಎಷ್ಟು ಮಂದಿ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಬಿಟ್ಟುಹೋದಳೆಂದು ಜನರು ಎಣಿಸುವುದುಂಟು. ಈ ಲೆಕ್ಕದಿಂದ ನೋಡಿದರೆ, ನಾವು ಈ ಸಾರಿ ನೆನಸುವ ಪಂಡಿತಾ ರಮಾಬಾಯಿಯವರು ಯಾರನ್ನೂ ಬಿಟ್ಟುಹೋಗಲಿಲ್ಲ. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಕಡೆಗೆ ಒಬ್ಬಳೇ ಮಗಳು ಸಹ ಅವರಿಗಿಂತ ಮುಂಚೆಯೇ ಮಣ್ಣಾದರು. ಆದರೂ ಅವರಷ್ಟು ದೊಡ್ಡ ಮನೆತನಕ್ಕೆ ಹಿರಿಯಳಾದ ಸ್ತ್ರೀಯು ನಮ್ಮ ದೇಶದಲ್ಲಿ ಅಪರೂಪ. ಇದು ಹೇಗಾಯಿತೆಂಬುದನ್ನು ಬೆಳಗಾವಿಯ ಸದಾಶಿವನಗರದಿಂದ ಖಾನಾಪುರದ ಕಡೇ ಹಳ್ಳಿಯ ವರೆಗೂ ಇರುವ ನಮ್ಮ ಸಭೆಯವರು ತಿಳಿದುಕೊಳ್ಳತಕ್ಕದ್ದು.

ರಮಾಬಾಯಿಯವರು ಕನ್ನಡ ನಾಡಿನಲ್ಲಿಯೇ ಹುಟ್ಟಿದವರು. ತುಂಗೆ, ಭದ್ರೆ, ನೇತ್ರಾವತಿ ಎಂಬ ಹೊಳೆಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ಅವರು ಜನಿಸಿದರು. ಖಾನಾಪುರದ ಕಾಡನ್ನು ಕಂಡವರಿಗೆ ಆ ಸ್ಥಳವನ್ನು ಊಹಿಸುವುದು ಕಷ್ಟವಲ್ಲ. ಎರಡೂ ಸಹ್ಯಾದ್ರಿಯ ಮಡಿಲಲ್ಲಿಯೇ ಇವೆ. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯ ಮಾಳ ಊರಿನ ಬ್ರಾಹ್ಮಣ ಪಂಡಿತರು. ಸ್ತ್ರೀಯರು ಸಂಸ್ಕೃತ ಕಲಿಯಬಾರದೆಂದು ಸುತ್ತಲಿನವರು ವಿರೋಧಿಸಿದರೂ ಅವರು ಹೆಂಡತಿಯಾದ ಲಕ್ಷ್ಮೀಬಾಯಿಯವರಿಗೆ ಕಲಿಸಿದರು. ಆ ತಾಯಿಯು ತಾನು ಕಲಿತದ್ದನ್ನು ಮಗಳಿಗೆ ಕಲಿಸಿದಳು.

ಮಗುವಿಗೆ ಆರು ತಿಂಗಳು ತುಂಬುವಷ್ಟರಲ್ಲಿ ಮನೆಯವರೆಲ್ಲರೂ ತೀರ್ಥಯಾತ್ರೆಗೆ ಹೊರಟರು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿದ ಕೂಸನ್ನು ಆಳೊಬ್ಬನು ತಲೆಯ ಮೇಲೆ ಹೊತ್ತು ಬೆಟ್ಟವಿಳಿದನು. ಅಂದಿನಿಂದ ರಮಾಬಾಯಿಯವರಿಗೆ ನೆಲೆಯಾದ ಮನೆಯೆಂಬುದು ಬಹುಕಾಲ ಇರಲಿಲ್ಲ. ಊರೂರಿಗೆ ನಡೆಯುತ್ತ, ಗುಡಿಗಳಲ್ಲಿ ಪುರಾಣವನ್ನೋದಿ, ಕೇಳಿದವರು ಕೊಟ್ಟದ್ದರಿಂದ ಅವರು ಜೀವಿಸಿದರು. 1870ರ ದಶಕದ ಕ್ಷಾಮದಲ್ಲಿ ಕೊಡುವವರೇ ಇಲ್ಲವಾದರು. ಕೂಲಿಯ ಕೆಲಸವನ್ನರಿಯದೆ, ಬೇಡಲು ನಾಚಿ, ಎಲೆ ಕಾಯಿಗಳನ್ನು ತಿಂದು ದಿನ ಕಳೆದರು. ಕೆಲವೇ ತಿಂಗಳುಗಳೊಳಗೆ ತಂದೆ, ತಾಯಿ, ಅಕ್ಕ ಮೂವರೂ ಸತ್ತರು. ಉಳಿದ ಅಣ್ಣ ಶ್ರೀನಿವಾಸನೂ ತಂಗಿಯೂ ಸಾವಿರಾರು ಮೈಲು ಕಾಲ್ನಡೆಯಾಗಿ ತಿರುಗಿ 1878ರಲ್ಲಿ ಕಲ್ಕತ್ತೆಯನ್ನು ಮುಟ್ಟಿದರು.

ಅಲ್ಲಿ ವಿದ್ವಾಂಸರು ಇಪ್ಪತ್ತು ವರುಷದ ಈ ಕನ್ಯೆಯನ್ನು ಪರೀಕ್ಷಿಸಿ ಆಶ್ಚರ್ಯಪಟ್ಟು, ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಆದರೆ 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರುಷ ಅವರು ಜಾತಿಯ ಕಟ್ಟನ್ನು ಮೀರಿ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧವಿಯವರನ್ನು ಮದುವೆಯಾದರು. ಮನೋರಮೆಯೆಂಬ ಮಗಳು ಹುಟ್ಟಿದಳು. ಕೂಸಿಗೆ ವರುಷ ತುಂಬುವ ಮುಂಚೆ, 1882ರ ಫೆಬ್ರವರಿಯಲ್ಲಿ, ಗಂಡನು ವಾಂತಿಭೇದಿಯಿಂದ ಸತ್ತನು. ಇಪ್ಪತ್ತಮೂರು ವರುಷದ ವಿಧವೆಯು ಕೂಸನ್ನೆತ್ತಿಕೊಂಡು ಪುಣೆಗೆ ಬಂದಳು.

ಗಂಡನ ಪುಸ್ತಕಗಳ ನಡುವೆ ಆಕೆಗೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯು ಸಿಕ್ಕಿತ್ತು. ಅಂದು ಬಿದ್ದ ಬೀಜವು ಮೆಲ್ಲಗೆ ಮೊಳೆಯಿತು. ವೈದ್ಯವಿದ್ಯೆಯನ್ನು ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದ ರಮಾಬಾಯಿಯವರು ಆ ವರುಷದ ಸೆಪ್ಟೆಂಬರ್ 29ರಂದು ಮಗಳೊಂದಿಗೆ ದೀಕ್ಷಾಸ್ನಾನ ಹೊಂದಿದರು. ಕಿವಿ ಮಂದವಾದದ್ದರಿಂದ ವೈದ್ಯಳಾಗುವ ಆಶೆಯು ನೆರವೇರಲಿಲ್ಲ. ಒಂದು ಬಾಗಿಲು ಮುಚ್ಚಿದರೂ ಅವರು ಕೈಕಟ್ಟಿ ಕೂಡಲಿಲ್ಲ. 1886ರಲ್ಲಿ ಅಮೇರಿಕಕ್ಕೆ ಹೋಗಿ, ನಮ್ಮ ದೇಶದ ಬಾಲವಿಧವೆಯರ ಸಂಕಟವನ್ನು ಬರೆದೂ ಊರೂರುಗಳಲ್ಲಿ ಹೇಳಿಯೂ ಸಹಾಯ ಕೂಡಿಸಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರುಷ ಅದು ಪುಣೆಗೆ ಬಂತು. ಕೆಲವು ಹುಡುಗಿಯರ ಮನಸ್ಸು ಕ್ರಿಸ್ತನ ಕಡೆಗೆ ತಿರುಗಿತೆಂಬ ಗದ್ದಲದಿಂದ 1893ರಲ್ಲಿ ಹಲವರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಅವರು ಎದೆಗುಂದಲಿಲ್ಲ.

1896ರಲ್ಲಿ ಮಧ್ಯಪ್ರಾಂತದಲ್ಲಿ ಮತ್ತೆ ಘೋರ ಕ್ಷಾಮ ಬಂತು. ಹಸಿವೆಂದರೇನೆಂದು ರಮಾಬಾಯಿಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾವೇ ಅಲ್ಲಿಗೆ ಹೋಗಿ, ದಾರಿಯ ಬದಿಯಲ್ಲಿ ಎಲುಬುಗೂಡಾಗಿ ಬಿದ್ದಿದ್ದ ಸುಮಾರು 300 ಹುಡುಗಿಯರನ್ನು ಕರತಂದರು. ಪ್ಲೇಗಿನ ಭಯದಿಂದ ಅವರನ್ನು ಪುಣೆಯಲ್ಲಿಡಲು ಅಪ್ಪಣೆ ದೊರೆಯದಿರಲಾಗಿ, ಪೂರ್ವಕ್ಕಿರುವ ಕೇಡಗಾಂವದ ತಮ್ಮ ಹೊಲದಲ್ಲಿ ನೆಲೆಮಾಡಿಸಿದರು. ಅದೇ ಮುಕ್ತಿ ಸದನ. 1900ರ ಗುಜರಾತಿನ ಕ್ಷಾಮದ ತರುವಾಯ ಅಲ್ಲಿದ್ದವರ ಸಂಖ್ಯೆಯು ಸುಮಾರು 2000ಕ್ಕೆ ಏರಿತು. ಕುರುಡರೂ ಬೀದಿಗೆ ಬಿದ್ದವರೂ ಅಲ್ಲಿ ಸೇರಿದರು. ನೇಯ್ಗೆ, ಒಕ್ಕಲುತನ, ಅಚ್ಚಿನ ಕೆಲಸ ಕಲಿತರು.

ಇಷ್ಟರ ನಡುವೆ ರಮಾಬಾಯಿಯವರು ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಸುಲಭವಾದ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸಿದರು. ಅಚ್ಚಿನ ಮೊಳೆಗಳನ್ನು ಜೋಡಿಸಿದವರು ಅಲ್ಲಿನ ಸ್ತ್ರೀಯರೇ. ಕನ್ನಡವೂ ಮರಾಠಿಯೂ ಒಂದೇ ಸಂತೆಯಲ್ಲಿ ಕೇಳಿಬರುವ ನಮ್ಮ ಸೀಮೆಯವರಿಗೆ ಈ ಕೆಲಸದ ಬೆಲೆ ತಿಳಿದೀತು.

ಮನೋರಮೆಯು ತಾಯಿಗೆ ಬಲಗೈಯಾಗಿದ್ದಳು. ಕುರುಡರಿಗೆ ಬೆರಳಿನಿಂದ ಓದಲು ಕಲಿಸಿದಳು. ಕಲಬುರಗಿಯಲ್ಲಿ ಶಾಲೆಯು ಆರಂಭವಾದಾಗಲೂ ಆಕೆಯು ಜೊತೆಗಿದ್ದಳು. ತನ್ನ ತರುವಾಯ ಈಕೆಯೇ ಎಂದು ತಾಯಿಯು ನಂಬಿದ್ದಳು. ಆದರೆ 1921ರ ಜುಲೈಯಲ್ಲಿ ಮನೋರಮೆಯು ತೀರಿಕೊಂಡಳು. ಮದುವೆಯಾಗದ ಆಕೆಗೆ ಮಕ್ಕಳಿರಲಿಲ್ಲ. ಒಡಲಿನ ಸಂತಾನವು ಅಲ್ಲಿಗೆ ಮುಗಿಯಿತು. ಆ ಮುದುಕಿಯು ದುಃಖವನ್ನು ಎದೆಯಲ್ಲಿಟ್ಟುಕೊಂಡು ಭಾಷಾಂತರದ ಕೆಲಸವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದಳು. ಪೂರ್ಣ ಸತ್ಯವೇದವು 1924ರಲ್ಲಿ ಪ್ರಕಟವಾಯಿತು. ಕೇಡಗಾಂವದ ಸದನವು ಈಗಲೂ ಅನಾಥರಿಗೆ ಬಾಗಿಲು ತೆರೆದಿದೆ.

ಪ್ರಿಯರೇ, ತನ್ನವರು ಒಬ್ಬೊಬ್ಬರಾಗಿ ಹೋಗಲು ರಮಾಬಾಯಿಯವರು ದೇವರೊಂದಿಗೆ ಲೆಕ್ಕ ಕೇಳುತ್ತ ಕೂಡಲಿಲ್ಲ. ಬರಿದಾದ ಮಡಿಲಿನಲ್ಲಿ ಯಾರೂ ಬೇಡವೆಂದ ಮಕ್ಕಳನ್ನು ಕೂಡ್ರಿಸಿಕೊಂಡರು. ಅವರಿಗೆ ಮೊಮ್ಮಕ್ಕಳಿಲ್ಲವೆಂದು ಈಗ ಹೇಳುವವರಾರು? ನಮ್ಮ ಊರುಗಳಲ್ಲಿಯೂ ತಾಯಿಯಿಲ್ಲದ ಕೂಸೂ, ಮಾತಾಡಿಸುವವರಿಲ್ಲದ ವಿಧವೆಯೂ ಇಲ್ಲದಿಲ್ಲ. ಬರುವ ಭಾನುವಾರ ಆರಾಧನೆ ಮುಗಿಸಿ ಮನೆಗೆ ಹೋಗುವಾಗ, ಅಂಥವರ ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲೋಣ. ರಮಾಬಾಯಿಯವರನ್ನು ನೆನಸುವುದಕ್ಕೆ ನಾವು ಇದಕ್ಕಿಂತ ಒಳ್ಳೇ ಮಾರ್ಗವನ್ನು ಕಾಣೆವು.