ಅಂಧಳಾದ ದೀನಸೇವಕಿ ಸಂತ ಮಾರ್ಗರೀತ

ದೇವಾಲಯದ ಬಾಗಿಲಲ್ಲಿ ಕುಳಿತ ಕುರುಡರನ್ನು ಕಂಡೊಡನೆ ನಮ್ಮ ಕೈ ತಾನಾಗಿಯೇ ಜೇಬಿನ ಕಡೆಗೆ ಹೋಗುತ್ತದೆ. ಅವರು ಪಡೆಯುವವರು, ನಾವು ಕೊಡುವವರು ಎಂಬುದು ನಮ್ಮ ಮನಸ್ಸಿನಲ್ಲಿ ಬೇರೂರಿದ ಎಣಿಕೆ. ಈ ಎಣಿಕೆಯನ್ನು ತಲೆಕೆಳಗು ಮಾಡಿದ ಒಬ್ಬ ಅಂಧ ಸ್ತ್ರೀ ಏಳುನೂರು ವರ್ಷಗಳ ಹಿಂದೆ ಇಟಲಿ ದೇಶದಲ್ಲಿ ಬಾಳಿದಳು. ನಮ್ಮ ದೇವಾಲಯದ ಶತಮಾನೋತ್ಸವದ ಈ ಸಂಚಿಕೆಯಲ್ಲಿ ಆಕೆಯ ಚರಿತ್ರೆಯನ್ನು ನಾಲ್ಕು ಮಾತುಗಳಲ್ಲಿ ನಿರೂಪಿಸಲು ಬಯಸುತ್ತೇವೆ.

ಮಾರ್ಗರೀತಳು 1287ರಲ್ಲಿ ಮಧ್ಯ ಇಟಲಿಯ ಬೆಟ್ಟಸೀಮೆಯಲ್ಲಿರುವ ಮೆತೋಲ ಎಂಬ ಕೋಟೆಯಲ್ಲಿ ಜನಿಸಿದಳು. ತಂದೆ ಪರೀಸಿಯೊ, ತಾಯಿ ಎಮೀಲಿಯ, ಸಿರಿವಂತರು, ಕುಲೀನರು. ಆದರೆ ಹುಟ್ಟಿದ ಶಿಶುವಿಗೆ ಕಣ್ಣಿರಲಿಲ್ಲ. ಬೆನ್ನು ಗೂನು, ಕಾಲು ಕುಂಟು, ದೇಹ ಗಿಡ್ಡ. ಇಂತಹ ಮಗಳು ತಮ್ಮ ಮನೆತನಕ್ಕೆ ಅವಮಾನವೆಂದು ಹೆತ್ತವರು ಭಾವಿಸಿದರು. ಆಕೆಗೆ ಆರು ವರ್ಷಗಳಾದಾಗ ತಂದೆಯು ದೇವಾಲಯವೊಂದಕ್ಕೆ ಹೊಂದಿಕೊಂಡಂತೆ ಚಿಕ್ಕ ಕೋಣೆಯನ್ನು ಮಾಡಿಸಿ, ಮಗಳನ್ನು ಅದರೊಳಗಿಟ್ಟು ಮುಚ್ಚಿಸಿದನು. ಊಟವನ್ನು ಕಿಟಕಿಯ ಮೂಲಕ ಕೊಡಲಾಗುತ್ತಿತ್ತು. ಮುಂದೆ ಯುದ್ಧದ ನಿಮಿತ್ತ ಕುಟುಂಬವು ಮೆರ್ಕತೆಲ್ಲೊ ಎಂಬ ಊರಿಗೆ ಹೋದಾಗಲೂ ಆಕೆಯ ಸೆರೆವಾಸ ತಪ್ಪಲಿಲ್ಲ; ಅಲ್ಲಿ ನೆಲಮಾಳಿಗೆಯೇ ಆಕೆಯ ಪಾಲಾಯಿತು. ಹೆತ್ತವರೇ ಹೀಗೆ ಮಾಡಿದರಲ್ಲಾ ಎಂದು ನಾವು ಕನಲುತ್ತೇವೆ. ಅಂಗವಿಕಲ ಮಕ್ಕಳನ್ನು ನೆಂಟರ ಕಣ್ಣಿಗೆ ಬೀಳದಂತೆ ಒಳಕೋಣೆಯಲ್ಲಿ ಇರಿಸುವ ಮನೆಗಳು ಇನ್ನೂ ಇವೆಯೆಂಬುದನ್ನು ಮಾತ್ರ ಮರೆಯುತ್ತೇವೆ.

ಆ ಕಾಲದಲ್ಲಿ ಕಸ್ತೆಲ್ಲೊ ನಗರದಲ್ಲಿ ಫ್ರಾನ್ಸಿಸ್ಕನ್ ಸಭೆಯ ಒಬ್ಬ ಸತ್ಪುರುಷನ ಸಮಾಧಿಯಿತ್ತು. ಅಲ್ಲಿ ರೋಗಿಗಳು ಗುಣಹೊಂದುತ್ತಾರೆಂಬ ಸುದ್ದಿ ಎಲ್ಲೆಡೆ ಹಬ್ಬಿತ್ತು. ಪರೀಸಿಯೊ ದಂಪತಿಗಳು ಮಗಳನ್ನು ಅಲ್ಲಿಗೆ ಕರೆದೊಯ್ದು ಪ್ರಾರ್ಥಿಸಿದರು. ಅದ್ಭುತವೇನೂ ನಡೆಯಲಿಲ್ಲ. ನಿರಾಶರಾದ ಅವರು ಆಕೆಯನ್ನು ಅಲ್ಲಿಯೇ ಬಿಟ್ಟು ಊರಿಗೆ ಹಿಂದಿರುಗಿದರು. ಪರಿಚಯವಿಲ್ಲದ ಊರು, ಕಾಣದ ಕಣ್ಣು, ಕೈಹಿಡಿದು ನಡೆಸುವವರಿಲ್ಲ.

ಆಕೆಯನ್ನು ಮೊದಲು ಕೈಹಿಡಿದವರು ಆ ಊರಿನ ಬಡಜನರೇ. ತಮಗೇ ಹೊಟ್ಟೆಗೆ ಸಾಲದಿದ್ದರೂ ಸರದಿಯಂತೆ ಒಂದೊಂದು ಮನೆಯವರು ಆಕೆಗೆ ಆಶ್ರಯವಿತ್ತರು. ಬಳಿಕ ಕನ್ಯಾಮಠವೊಂದು ಆಕೆಯನ್ನು ಸೇರಿಸಿಕೊಂಡಿತು. ಅಲ್ಲಿಯ ಕನ್ಯಾಸ್ತ್ರೀಯರು ಮಠದ ನಿಯಮಗಳನ್ನು ಸಡಿಲಿಸಿಕೊಂಡಿದ್ದರು. ಮಾರ್ಗರೀತಳಾದರೋ ಅವನ್ನು ಅಕ್ಷರಶಃ ಪಾಲಿಸುತ್ತಿದ್ದಳು. ಮಾತಿಲ್ಲದೆಯೇ ತಮ್ಮನ್ನು ಗದರಿಸುವಂತಿದ್ದ ಈ ನಡತೆಯನ್ನು ಸಹಿಸಲಾರದೆ ಅವರು ಆಕೆಯನ್ನು ಹೊರಹಾಕಿದರು. ಸಂತರ ಚರಿತ್ರೆ ಬರೆಯುವವರು ಇಂತಹ ಸಂಗತಿಗಳನ್ನು ಮರೆಮಾಚಬಾರದೆಂಬುದು ನಮ್ಮ ಅಭಿಪ್ರಾಯ.

ಮತ್ತೆ ಬೀದಿಗೆ ಬಿದ್ದವಳಿಗೆ ದೊಮಿನಿಕನ್ ಗುರುಗಳ ದೇವಾಲಯವು ಆಸರೆಯಾಯಿತು. ಆ ಗುರುಗಳ ಆಧ್ಯಾತ್ಮಿಕ ಮಾರ್ಗದರ್ಶನದಲ್ಲಿ ಸಂಸಾರದ ನಡುವೆಯೇ ಇದ್ದು ಜಪತಪಗಳನ್ನೂ ದಾನಧರ್ಮವನ್ನೂ ನಡೆಸುತ್ತಿದ್ದ ಸ್ತ್ರೀಯರ ಸಂಘವೊಂದಿತ್ತು. ಬಿಳಿಯ ಉಡುಪು, ಮೇಲೆ ಕರಿಯ ಮೇಲುಹೊದಿಕೆ ಅವರ ಗುರುತು. ಹೆಚ್ಚಿನವರು ವಿಧವೆಯರು, ವಯಸ್ಸಾದವರು. ಯುವತಿಯೂ ಅವಿವಾಹಿತೆಯೂ ಆದ ಮಾರ್ಗರೀತಳನ್ನು ಈ ಸಂಘವು ತನ್ನವಳನ್ನಾಗಿ ಸ್ವೀಕರಿಸಿತು. ಆ ಶತಮಾನದ ಉತ್ತರಾರ್ಧದಲ್ಲಿ ಸಿಯೆನ್ನಾದ ಸಂತ ಕ್ಯಾಥರೀನಳು ಧರಿಸಿದ್ದೂ ಇದೇ ಹೊದಿಕೆಯನ್ನೇ.

ಇಲ್ಲಿಂದ ಮುಂದೆ ಆಕೆ ಪಡೆಯುವವಳಾಗಿ ಉಳಿಯಲಿಲ್ಲ. ಪ್ರತಿದಿನವೂ ದೇವಾಲಯಕ್ಕೆ ಹೋಗುವಳು. ಅಲ್ಲಿಂದ ರೋಗಿಗಳ ಮನೆಗಳಿಗೆ, ಮರಣಶಯ್ಯೆಯಲ್ಲಿದ್ದವರ ಬಳಿಗೆ. ಸೆರೆಮನೆಯಲ್ಲಿದ್ದವರನ್ನೂ ಸಂದರ್ಶಿಸುತ್ತಿದ್ದಳೆಂದು ಪರಂಪರೆಯು ಹೇಳುತ್ತದೆ. ಕತ್ತಲಕೋಣೆಯಲ್ಲಿ ವರ್ಷಗಟ್ಟಲೆ ಕಳೆದವಳಿಗೆ ಸೆರೆಯಾಳಿನ ಸಂಕಟವನ್ನು ಬೇರೆ ಯಾರೂ ತಿಳಿಸಿಕೊಡಬೇಕಾಗಿರಲಿಲ್ಲ. ಕುಂಟುವ ಕಾಲಿನಿಂದ, ಗೋಡೆಗಳನ್ನು ತಡವುತ್ತ, ಆ ಇಕ್ಕಟ್ಟಾದ ಕಲ್ಲುಹಾದಿಗಳಲ್ಲಿ ಆಕೆ ನಡೆದುದನ್ನು ನಾವು ಒಂದು ಕ್ಷಣ ಕಣ್ಣುಮುಚ್ಚಿ ಊಹಿಸಿಕೊಳ್ಳಬೇಕು.

ಕಡೆಯ ವರ್ಷಗಳನ್ನು ವೆಂತುರೀನೊ ಮತ್ತು ಗ್ರೀಜಿಯ ಎಂಬ ದಂಪತಿಗಳ ಮನೆಯ ಮೇಲುಕೋಣೆಯಲ್ಲಿ ಕಳೆದಳು. ಕೀರ್ತನೆಗಳೆಲ್ಲವೂ ಆಕೆಗೆ ಕಂಠಪಾಠವಾಗಿದ್ದವು. ಶಾಲೆಯ ಮೆಟ್ಟಿಲು ಹತ್ತದ ಈಕೆ ಆ ಮನೆಯ ಮಕ್ಕಳು ಪಾಠ ಒಪ್ಪಿಸುವಾಗ ತಪ್ಪುಗಳನ್ನು ತಿದ್ದುತ್ತಿದ್ದಳಂತೆ. ಒಮ್ಮೆ ಮನೆಗೆ ಬೆಂಕಿ ಹತ್ತಿದಾಗ ಆಕೆ ಕೊಟ್ಟ ಮೇಲುಹೊದಿಕೆಯನ್ನು ಎಸೆದೊಡನೆ ಉರಿ ನಂದಿತೆಂಬ ಕಥೆಯೂ ಇದೆ. ತನ್ನನ್ನು ತೊರೆದ ತಂದೆತಾಯಿಗಳ ಬಗ್ಗೆ ಆಕೆ ಕಹಿ ತಾಳಲಿಲ್ಲವೆಂಬುದನ್ನು ಮಾತ್ರ ನಾವು ಆ ಅದ್ಭುತಕ್ಕಿಂತ ದೊಡ್ಡದೆಂದು ಎಣಿಸುತ್ತೇವೆ.

1320ರ ಏಪ್ರಿಲ್ 13ರಂದು, ಮೂವತ್ತಮೂರನೆಯ ವಯಸ್ಸಿನಲ್ಲಿ, ಮಾರ್ಗರೀತಳು ಪ್ರಭುವಿನ ಪಾದ ಸೇರಿದಳು. ಆಕೆಯನ್ನು ದೇವಾಲಯದ ಒಳಗೇ ಸಮಾಧಿಮಾಡಬೇಕೆಂದು ಊರಿನ ಜನರು ಹಟಹಿಡಿದರು, ಹಾಗೆಯೇ ಆಯಿತು. 1609ರಲ್ಲಿ ಜಗದ್ಗುರು ಐದನೆಯ ಪೌಲರು ಆಕೆಯನ್ನು ಧನ್ಯಳೆಂದು ಪೂಜಿಸಲು ಅನುಮತಿಯಿತ್ತರು. ಸಂತಪದವಿಗೆ ಇನ್ನೂ ನಾಲ್ಕು ಶತಮಾನಗಳಿಗೂ ಮಿಕ್ಕಿ ಕಾಯಬೇಕಾಯಿತು. 2021ರ ಏಪ್ರಿಲ್ 24ರಂದು ಜಗದ್ಗುರು ಫ್ರಾನ್ಸಿಸ್‌ರವರು ಹೊಸ ಅದ್ಭುತವೊಂದರ ವಿಚಾರಣೆಯನ್ನು ಕೇಳದೆ, ಜನರ ಶತಮಾನಗಳ ಭಕ್ತಿಯನ್ನೇ ಮನ್ನಿಸಿ, ಆಕೆಯ ಹೆಸರನ್ನು ಸಂತರ ಪಟ್ಟಿಯಲ್ಲಿ ಸೇರಿಸಿದರು. ಹೆತ್ತವರು ಬಿಟ್ಟುಹೋದ ಅದೇ ಕಸ್ತೆಲ್ಲೊ ನಗರದ ಸಂತ ದೊಮಿನಿಕರ ದೇವಾಲಯದಲ್ಲಿ, ಪ್ರಧಾನ ಬಲಿಪೀಠದ ಕೆಳಗೆ, ಆಕೆಯ ಪುಟ್ಟ ದೇಹವನ್ನು ಇರಿಸಲಾಗಿದೆ.