ಪೀತಜ್ವರದ ಗುಟ್ಟು ಬಿಡಿಸಿದ ಡಾಕ್ಟರ್ ಕಾರ್ಲೋಸ್ ಫಿನ್ಲೆ

ಬಿತ್ತಿದವನಿಗೇ ಕೊಯ್ಯುವ ಭಾಗ್ಯ ದೊರೆಯಬೇಕೆಂಬ ನಿಯಮ ದೇವರ ಹೊಲದಲ್ಲಿಲ್ಲ. ಶತಮಾನೋತ್ಸವವನ್ನು ಆಚರಿಸುತ್ತಿರುವ ನಮ್ಮ ಈ ದೇವಾಲಯದ ಅಡಿಪಾಯಕ್ಕೆ ಕಲ್ಲು ಹೊತ್ತವರಲ್ಲಿ, ಗೋಡೆಗೆ ಸುಣ್ಣ ಅರೆದವರಲ್ಲಿ ಎಷ್ಟು ಮಂದಿಯ ಹೆಸರು ಇಂದು ನಮಗೆ ತಿಳಿದಿದೆ? ಅವರ ದುಡಿಮೆಯ ಫಲವನ್ನು ಮಾತ್ರ ನಾವು ಉಣ್ಣುತ್ತಿದ್ದೇವೆ. ವಿಜ್ಞಾನದ ಹೊಲದಲ್ಲಿಯೂ ಇಂಥ ಬಿತ್ತನೆಗಾರರುಂಟು. ತಾವು ಕಂಡುಕೊಂಡ ಸತ್ಯವನ್ನು ಲೋಕವು ನಗೆಯಾಡಿ ತಳ್ಳಿದಾಗ ಹತ್ತೊಂಬತ್ತು ವರ್ಷ ತಾಳ್ಮೆಯಿಂದ ಕಾದು, ಅದರ ಕೀರ್ತಿ ಬೇರೆಯವರ ಪಾಲಾದಾಗಲೂ ಎದೆಗುಂದದೆ ಜನರ ಸೇವೆಯಲ್ಲಿಯೇ ಬಾಳಿದ ಒಬ್ಬ ಕಥೋಲಿಕ ವೈದ್ಯರ ಜೀವನವನ್ನು ಈ ಸಂದರ್ಭದಲ್ಲಿ ಸ್ಮರಿಸುವುದು ಉಚಿತವೆನಿಸುತ್ತದೆ. ಅವರೇ ಕ್ಯೂಬಾ ದ್ವೀಪದ ಡಾಕ್ಟರ್ ಕಾರ್ಲೋಸ್ ಫಿನ್ಲೆ.

ಕಾರ್ಲೋಸ್ ಫಿನ್ಲೆಯವರು 1833ನೆಯ ಇಸವಿ ಡಿಸೆಂಬರ್ 3ರಂದು ಕ್ಯೂಬಾದ ಪ್ವೆರ್ತೋ ಪ್ರಿನ್ಸಿಪೆ ಎಂಬ ಪಟ್ಟಣದಲ್ಲಿ ಜನಿಸಿದರು. ಆ ಪಟ್ಟಣಕ್ಕೆ ಈಗ ಕಾಮಗ್ವೇ ಎಂಬ ಹೆಸರಿದೆ. ತಂದೆ ಸ್ಕಾಟ್ಲೆಂಡಿನ ವೈದ್ಯರು. ತಾಯಿ ಫ್ರೆಂಚ್ ಮೂಲದವರು. ತಂದೆಯ ಕಾಫಿ ತೋಟದಲ್ಲಿ ಬಾಲ್ಯವನ್ನು ಕಳೆದ ಹುಡುಗನನ್ನು ವಿದ್ಯಾಭ್ಯಾಸಕ್ಕಾಗಿ ಫ್ರಾನ್ಸ್ ದೇಶಕ್ಕೆ ಕಳುಹಿಸಲಾಯಿತು. ಅಲ್ಲಿ ನರಸಂಬಂಧವಾದ ಒಂದು ಕಾಯಿಲೆ ತಗಲಿ ಮಾತು ತೊದಲುವಂತಾಯಿತು. ಆ ತೊದಲು ಅವರನ್ನು ಜೀವನಪೂರ್ತಿ ಬಿಡಲಿಲ್ಲ. 1855ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಜೆಫರ್ಸನ್ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದರು. ಹೊರನಾಡಿನಲ್ಲಿಯೇ ನೆಲಸಿ ಹಣ ಗಳಿಸುವ ಅವಕಾಶಗಳಿದ್ದರೂ ಹುಟ್ಟಿದ ನಾಡಿಗೆ ಮರಳಿ, ರಾಜಧಾನಿಯಾದ ಹವಾನಾದಲ್ಲಿ ವೈದ್ಯವೃತ್ತಿಯನ್ನು ಕೈಗೊಂಡರು. 1865ರಲ್ಲಿ ಅಡೆಲಾ ಶೈನ್ ಎಂಬವರನ್ನು ವಿವಾಹವಾದರು.

ಆ ಕಾಲದ ಕ್ಯೂಬಾ ಸ್ಪೇನ್ ದೇಶದ ಆಳ್ವಿಕೆಗೆ ಒಳಪಟ್ಟಿತ್ತು. ಬಂದರಿನಲ್ಲಿ ಹಡಗಿನಿಂದ ಇಳಿಯುತ್ತಿದ್ದ ಸೈನಿಕರು, ವಲಸೆಗಾರರು, ಗುರುಗಳು, ಧರ್ಮಭಗಿನಿಯರು, ಯಾರೇ ಆಗಲಿ, ಎಲ್ಲರಿಗೂ ಒಂದೇ ಭಯ. ಅದು ಪೀತಜ್ವರ, ಅಂದರೆ ಹಳದಿ ಜ್ವರ. ಚಳಿ, ತಲೆನೋವು, ಸೊಂಟನೋವುಗಳಿಂದ ಆರಂಭವಾಗುವ ಈ ಜ್ವರವು ಒಮ್ಮೆ ಇಳಿದಂತೆ ಕಂಡು ಮತ್ತೆ ಏರುತ್ತದೆ. ಆಗ ಕಣ್ಣು ಮತ್ತು ಚರ್ಮ ಹಳದಿಗಟ್ಟುತ್ತವೆ. ಒಸಡು ಮೂಗುಗಳಿಂದ ರಕ್ತ ಒಸರುತ್ತದೆ. ಹೊಟ್ಟೆಯೊಳಗೆ ಸೋರಿದ ರಕ್ತವು ಕಪ್ಪು ವಾಂತಿಯಾಗಿ ಹೊರಬೀಳುತ್ತದೆ. ಈ ಹಂತವನ್ನು ಮುಟ್ಟಿದವರಲ್ಲಿ ಅನೇಕರು ಬದುಕುತ್ತಿರಲಿಲ್ಲ. 1878ರಲ್ಲಿ ಅಮೆರಿಕದ ಮಿಸಿಸಿಪಿ ನದಿಯ ಕಣಿವೆಯಲ್ಲಿ ಇದೇ ರೋಗಕ್ಕೆ ಸುಮಾರು 20,000 ಮಂದಿ ಬಲಿಯಾದರು. ಮೆಂಫಿಸ್ ನಗರವೊಂದರಲ್ಲಿಯೇ ಸುಮಾರು 5,000 ಜನ ಮಡಿದರು; ರೋಗಿಗಳ ಶುಶ್ರೂಷೆಗೆ ನಿಂತ ಗುರುಗಳೂ ಧರ್ಮಭಗಿನಿಯರೂ ಅವರೊಡನೆ ಸತ್ತರು. ಕೆಟ್ಟ ಗಾಳಿಯಿಂದ ಈ ರೋಗ ಬರುತ್ತದೆಂದು ಕೆಲವರೂ, ರೋಗಿಯ ಬಟ್ಟೆಬರೆ ಹಾಸಿಗೆಗಳಿಂದ ಅಂಟುತ್ತದೆಂದು ಕೆಲವರೂ ನಂಬಿದ್ದರು. ಸತ್ತವರ ಹಾಸಿಗೆಗಳನ್ನು ಸುಟ್ಟರೂ ರೋಗ ನಿಲ್ಲಲಿಲ್ಲ.

ಫಿನ್ಲೆಯವರು ಮೊದಲಿನಿಂದಲೇ ಸರಿದಾರಿಯನ್ನು ಹಿಡಿದವರಲ್ಲ. ಹವಾನಾದ ಗಾಳಿಯಲ್ಲಿ ಕ್ಷಾರದ ಅಂಶ ಹೆಚ್ಚಿರುವುದೇ ಪೀತಜ್ವರಕ್ಕೆ ಕಾರಣವೆಂದು ಭಾವಿಸಿ ಅವರು ಹಲವು ವರ್ಷ ಗಾಳಿಯ ಪರೀಕ್ಷೆ ನಡೆಸಿದರು. ಆದರೆ ಸಾಕ್ಷ್ಯವು ತಮ್ಮ ಮತಕ್ಕೆ ವಿರುದ್ಧವೆಂದು ಕಂಡಾಗ ಹಟ ಹಿಡಿಯದೆ ಅದನ್ನು ಕೈಬಿಟ್ಟರು. ಇದರ ನಡುವೆ, 1867ರಲ್ಲಿ, ಹವಾನಾದಲ್ಲಿ ಕಾಲರಾ ತಲೆದೋರಿತು. ಯಾವ ಯಾವ ಮನೆಗಳಲ್ಲಿ ರೋಗ ಬಂದಿದೆಯೆಂದು ಫಿನ್ಲೆಯವರು ಗುರುತಿಸುತ್ತಾ ಹೋದಾಗ, ಅವು ಊರಿಗೆ ನೀರುಣಿಸುವ ಒಂದು ತೆರೆದ ಕಾಲುವೆಯ ಗುಂಟ ಇರುವುದು ಕಂಡುಬಂದಿತು. ಇದನ್ನು ಬಹಿರಂಗಪಡಿಸಿದರೆ ಸರಕಾರಕ್ಕೆ ಕುಂದು ಬರುವುದೆಂದು ಅಧಿಕಾರಿಗಳು ಅವರ ಲೇಖನವನ್ನು ಆಗ ಅಚ್ಚಾಗಗೊಡಲಿಲ್ಲ. ಸತ್ಯವನ್ನು ಕಾಣುವುದು ಬೇರೆ, ಲೋಕವು ಅದನ್ನು ಕೇಳುವುದು ಬೇರೆ ಎಂಬ ಪಾಠವನ್ನು ಅವರು ಅಂದೇ ಕಲಿತಿರಬೇಕು.

1879ರಲ್ಲಿ ಪೀತಜ್ವರವನ್ನು ಅಭ್ಯಾಸ ಮಾಡಲು ಅಮೆರಿಕದ ಆಯೋಗವೊಂದು ಹವಾನಾಕ್ಕೆ ಬಂದಿತು. ಅದರೊಡನೆ ದುಡಿದ ಫಿನ್ಲೆಯವರ ಮನಸ್ಸನ್ನು ಒಂದು ಸಂಗತಿ ಸೆಳೆಯಿತು. ಈ ರೋಗದಲ್ಲಿ ಪೆಟ್ಟು ಬೀಳುವುದು ರಕ್ತನಾಳಗಳಿಗೆ. ಹಾಗಿದ್ದರೆ ರೋಗದ ಬೀಜವು ರೋಗಿಯ ರಕ್ತನಾಳದಿಂದ ಹೊರಬಂದು ಆರೋಗ್ಯವಂತನ ರಕ್ತನಾಳವನ್ನು ಸೇರಬೇಕು. ಸೂಜಿಯಂತೆ ಚುಚ್ಚಿ ಈ ಕೆಲಸ ಮಾಡಬಲ್ಲ ಜೀವಿ ಯಾವುದು? ಒಂದು ಸಂಜೆ ಜಪಸರ ಪ್ರಾರ್ಥನೆ ಮಾಡುತ್ತಿದ್ದಾಗ ಕಿವಿಯ ಬಳಿ ಗುಂಯ್‌ಗುಟ್ಟುತ್ತಾ ಸುಳಿದಾಡಿದ ಸೊಳ್ಳೆಯತ್ತ ಅವರ ಗಮನ ಹರಿಯಿತೆಂಬ ಕಥೆ ಪ್ರಚಲಿತವಾಗಿದೆ. ಅದು ಹೇಗೇ ಇರಲಿ, ಆ ಬಳಿಕ ಅವರು ಸೊಳ್ಳೆಗಳ ಬೆನ್ನು ಹತ್ತಿದರು. ಹವಾನಾದ ಮನೆಗಳಲ್ಲಿ ಕಾಣುವ ಜಾತಿಗಳಲ್ಲಿ ಒಂದನ್ನು ಬೇರ್ಪಡಿಸಿ, ಅದರ ಹೆಣ್ಣು ಮಾತ್ರ ರಕ್ತ ಹೀರುವುದನ್ನೂ, ಅದು ಮತ್ತೆ ಮತ್ತೆ ಕಚ್ಚುವುದನ್ನೂ, ಚಳಿಯಲ್ಲಿ ಹಾಗೂ ಎತ್ತರದ ಪ್ರದೇಶಗಳಲ್ಲಿ ಅದರ ಬಲ ಕುಗ್ಗುವುದನ್ನೂ ಗಮನಿಸಿದರು. ಪೀತಜ್ವರವೂ ಅಂಥ ಕಡೆಗಳಲ್ಲಿಯೇ ಕುಗ್ಗುತ್ತಿತ್ತು. ಆ ಸೊಳ್ಳೆಯನ್ನು ಇಂದು ನಾವು ಈಡಿಸ್ ಈಜಿಪ್ಟೈ ಎಂದು ಕರೆಯುತ್ತೇವೆ.

1881ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಳನದಲ್ಲಿ, ರೋಗಿಯಿಂದ ಆರೋಗ್ಯವಂತನಿಗೆ ರೋಗವನ್ನು ಒಯ್ಯುವ ಮಧ್ಯವರ್ತಿಯೊಂದು ಇರಲೇಬೇಕೆಂದು ಅವರು ಸೂಚಿಸಿದರು. ಅದೇ ವರ್ಷ ಆಗಸ್ಟ್ 14ರಂದು ಹವಾನಾದ ವಿಜ್ಞಾನ ಅಕಾಡೆಮಿಯ ಮುಂದೆ ಆ ಮಧ್ಯವರ್ತಿ ಸೊಳ್ಳೆಯೇ ಎಂದು ತಮ್ಮ ಪ್ರಬಂಧದಲ್ಲಿ ಮಂಡಿಸಿದರು. ಸಭೆ ಮೌನವಾಗಿ ಕೇಳಿತು, ಮೌನವಾಗಿ ಚದುರಿತು. ಚರ್ಚೆಗೂ ಯೋಗ್ಯವಲ್ಲದ ಮಾತೆಂದು ವಿದ್ವಾಂಸರು ಅದನ್ನು ಬದಿಗಿಟ್ಟರು. ಅಂದಿನಿಂದ ಬೀದಿಯ ಜನಕ್ಕೂ ಅವರು ನಗೆಗೀಡಾದ ಸೊಳ್ಳೆ ಡಾಕ್ಟರಾದರು.

ಆದರೂ ಅವರ ಮಾತಿಗೆ ಕಿವಿಗೊಟ್ಟವರು ಕೆಲವರಿದ್ದರು. ಸ್ಪೇನಿನ ವೈದ್ಯರಾದ ಡಾಕ್ಟರ್ ಕ್ಲೌದಿಯೋ ದೆಲ್ಗಾದೋ ಅವರು ಕೊನೆಯವರೆಗೂ ಸಹೋದ್ಯೋಗಿಯಾಗಿ ನಿಂತರು. ನಮಗೆ ವಿಶೇಷ ಅಭಿಮಾನವನ್ನು ಉಂಟುಮಾಡುವ ಸಂಗತಿಯೆಂದರೆ, ಸ್ಪೇನಿನಿಂದ ಹೊಸದಾಗಿ ಬಂದಿಳಿದ ಯೇಸುಸಭೆಯ ಹಾಗೂ ಕಾರ್ಮೆಲ್ ಸಭೆಯ ಗುರುಗಳು ಸ್ವಇಚ್ಛೆಯಿಂದ ತಮ್ಮ ತೋಳನ್ನು ಫಿನ್ಲೆಯವರ ಸೊಳ್ಳೆಗಳಿಗೆ ಒಡ್ಡಿದರು. ಹೊಸಬರಿಗೇ ಈ ರೋಗ ಹೆಚ್ಚಾಗಿ ತಗಲುತ್ತಿದ್ದುದರಿಂದ ಪರೀಕ್ಷೆಗೆ ಅಂಥವರೇ ಬೇಕಾಗಿದ್ದರು. ಒಂದೋ ಎರಡೋ ಸೊಳ್ಳೆ ಕಚ್ಚಿದರೆ ಲಘುವಾದ ಜ್ವರ ಬಂದು ಮುಂದೆ ಮಾರಕ ರೋಗದಿಂದ ರಕ್ಷಣೆ ದೊರೆಯಬಹುದೆಂಬುದು ಫಿನ್ಲೆಯವರ ಆಶಯ. 1881ರಿಂದ 1900ರವರೆಗೆ ಸೈನಿಕರು, ಗುರುಗಳು ಮುಂತಾಗಿ ನೂರಕ್ಕೂ ಹೆಚ್ಚು ಮಂದಿಯ ಮೇಲೆ ಇಂಥ ಪರೀಕ್ಷೆಗಳು ನಡೆದವು.

ಹಾಗಾದರೆ ಲೋಕವೇಕೆ ನಂಬಲಿಲ್ಲ? ಕಾರಣ ಅಹಂಕಾರವೊಂದೇ ಅಲ್ಲ ಎಂಬುದನ್ನು ಒಪ್ಪಬೇಕು. ಫಿನ್ಲೆಯವರು ರೋಗಿಯನ್ನು ಕಚ್ಚಿದ ಸೊಳ್ಳೆಯನ್ನು ಕೆಲವೇ ದಿನಗಳಲ್ಲಿ ಮತ್ತೊಬ್ಬನಿಗೆ ಕಚ್ಚಿಸುತ್ತಿದ್ದರು. ಆದರೆ ರೋಗದ ಬೀಜವು ಸೊಳ್ಳೆಯ ಹೊಟ್ಟೆಯಿಂದ ಅದರ ಜೊಲ್ಲಿಗೆ ಬಂದು ಸೇರಲು ಸುಮಾರು 12 ದಿನಗಳು ಹಿಡಿಯುತ್ತವೆ. ಅಲ್ಲದೆ ರೋಗದ ಮೊದಲ ಮೂರು ದಿನಗಳಲ್ಲಿ ಕಚ್ಚಿದ ಸೊಳ್ಳೆಗೆ ಮಾತ್ರ ಆ ಬೀಜ ಸಿಕ್ಕುತ್ತದೆ. ಇವೆರಡೂ ಅಂದು ಯಾರಿಗೂ ತಿಳಿದಿರಲಿಲ್ಲ. ಆದ್ದರಿಂದ ಅವರ ಪರೀಕ್ಷೆಗಳಲ್ಲಿ ಅನೇಕವು ವಿಫಲವಾದವು. ಜ್ವರ ಬಂದಾಗಲೂ ಅದು ಬೇರೆಡೆಯಿಂದ ಬಂದಿರಬಹುದೆಂದು ವಿರೋಧಿಗಳು ವಾದಿಸಿದರು. ಸರಿಯಾದ ಬಾಗಿಲ ಮುಂದೆ ನಿಂತಿದ್ದರೂ ಬೀಗದ ಕೈಯ ಒಂದು ಹಲ್ಲು ಕಡಿಮೆಯಾಗಿತ್ತು.

1898ರ ಯುದ್ಧದ ಬಳಿಕ ಕ್ಯೂಬಾ ಅಮೆರಿಕದ ಸೇನೆಯ ವಶವಾಯಿತು. ಆ ಸೈನಿಕರೂ ಪೀತಜ್ವರಕ್ಕೆ ತುತ್ತಾಗತೊಡಗಿದಾಗ, 1900ರಲ್ಲಿ ಮೇಜರ್ ವಾಲ್ಟರ್ ರೀಡ್ ಅವರ ನೇತೃತ್ವದ ವೈದ್ಯರ ಮಂಡಳಿಯೊಂದು ಹವಾನಾಕ್ಕೆ ಬಂದಿತು. ಬೇರೆ ದಾರಿಗಳೆಲ್ಲ ಮುಚ್ಚಿದ ಮೇಲೆ ಅವರು ಫಿನ್ಲೆಯವರ ಮನೆಯ ಬಾಗಿಲಿಗೆ ಹೋದರು. ಹತ್ತೊಂಬತ್ತು ವರ್ಷ ನಗೆಪಾಟಲಿಗೆ ಗುರಿಯಾಗಿದ್ದ ಆ ವೃದ್ಧರು ಹಳೆಯ ಅವಮಾನವನ್ನು ನೆನೆಯಲಿಲ್ಲ, ಷರತ್ತು ಒಡ್ಡಲಿಲ್ಲ; ತಮ್ಮ ಬರಹಗಳನ್ನೂ ಜೋಪಾನವಾಗಿ ಕಾಪಾಡಿದ್ದ ಸೊಳ್ಳೆಯ ಮೊಟ್ಟೆಗಳನ್ನೂ ಅವರ ಕೈಗಿತ್ತರು. ಆ ಮೊಟ್ಟೆಗಳಿಂದ ಬೆಳೆಸಿದ ಸೊಳ್ಳೆಗಳಿಂದಲೇ ಹೊಸ ಪರೀಕ್ಷೆಗಳು ಆರಂಭವಾದವು. ಮಂಡಳಿಯ ಸದಸ್ಯರಾದ ಡಾಕ್ಟರ್ ಜೇಮ್ಸ್ ಕ್ಯಾರೊಲ್ ಸೊಳ್ಳೆ ಕಚ್ಚಿಸಿಕೊಂಡು ಸಾವಿನ ದವಡೆಯಿಂದ ಪಾರಾದರು. ಇನ್ನೊಬ್ಬ ಸದಸ್ಯ ಡಾಕ್ಟರ್ ಜೆಸ್ಸಿ ಲೇಜಿಯರ್ 1900ರ ಸೆಪ್ಟೆಂಬರ್ 25ರಂದು, 34ರ ಹರೆಯದಲ್ಲಿ, ಅದೇ ಜ್ವರಕ್ಕೆ ಪ್ರಾಣ ತೆತ್ತರು.

ಆ ಬಳಿಕ ಸ್ವಯಂಸೇವಕರ ಮೇಲೆ ಕಟ್ಟುನಿಟ್ಟಾದ ಪರೀಕ್ಷೆ ನಡೆಯಿತು. ಪೀತಜ್ವರದಿಂದ ಸತ್ತವರ ಹೊಲಸಾದ ಬಟ್ಟೆ ಹಾಸಿಗೆಗಳ ನಡುವೆ ಇಪ್ಪತ್ತು ರಾತ್ರಿ ಮಲಗಿದವರಿಗೆ ಏನೂ ಆಗಲಿಲ್ಲ. ಸ್ವಚ್ಛವಾದ ಕೋಣೆಯಲ್ಲಿ ರೋಗದ ಸೊಳ್ಳೆ ಕಚ್ಚಿದವರಿಗೆ ಜ್ವರ ಬಂದಿತು; ಅದೇ ಕೋಣೆಯಲ್ಲಿ ತಂತಿಬಲೆಯ ಈಚೆಗಿದ್ದವರು ಕ್ಷೇಮವಾಗಿದ್ದರು. ಫಿನ್ಲೆಯವರ ಮಾತು ಕೊನೆಗೂ ಸತ್ಯವೆಂದು ಸಾಬೀತಾಯಿತು.

1901ರಲ್ಲಿ ಮೇಜರ್ ವಿಲಿಯಂ ಗೋರ್ಗಸ್ ಹವಾನಾದ ಮನೆ ಮನೆಯಲ್ಲಿ ನೀರಿನ ತೊಟ್ಟಿ ಪೀಪಾಯಿಗಳನ್ನು ಮುಚ್ಚಿಸಿದರು, ನಿಂತ ನೀರಿಗೆ ಸೀಮೆ ಎಣ್ಣೆ ಸುರಿಸಿದರು, ರೋಗಿಗಳನ್ನು ಪರದೆಯೊಳಗೆ ಇರಿಸಿದರು. 1900ರಲ್ಲಿ 300ಕ್ಕೂ ಹೆಚ್ಚು ಮಂದಿಯನ್ನು ಕೊಂದಿದ್ದ ಪೀತಜ್ವರವು 1902ರಲ್ಲಿ ಆ ನಗರದಲ್ಲಿ ಒಬ್ಬರನ್ನೂ ಕೊಲ್ಲಲಿಲ್ಲ. ಪನಾಮಾ ಕಾಲುವೆಯ ಕೆಲಸದಲ್ಲಿ ಫ್ರೆಂಚರು ಪೀತಜ್ವರ, ಮಲೇರಿಯಾ ಮೊದಲಾದ ರೋಗಗಳಿಗೆ ಸುಮಾರು 20,000 ಕೆಲಸಗಾರರನ್ನು ಕಳೆದುಕೊಂಡು ಹಿಂದೆಗೆದಿದ್ದರು. ಗೋರ್ಗಸ್ ಅಲ್ಲಿಯೂ ಇದೇ ವಿಧಾನವನ್ನು ಅನುಸರಿಸಿದರು. 1914ರಲ್ಲಿ ಕಾಲುವೆ ತೆರೆಯಿತು.

ಲೋಕದ ಬಹುಪಾಲು ಪುಸ್ತಕಗಳಲ್ಲಿ ಈ ಕೀರ್ತಿ ರೀಡ್ ಅವರ ಹೆಸರಿಗೆ ಸಂದಿತು. ಫಿನ್ಲೆಯವರ ಹೆಸರು ನೊಬೆಲ್ ಬಹುಮಾನಕ್ಕೆ ಹಲವು ಬಾರಿ ಸೂಚಿತವಾದರೂ ಬಹುಮಾನ ಬರಲಿಲ್ಲ. ಅದಕ್ಕಾಗಿ ಅವರು ಕೊರಗುತ್ತಾ ಕೂರಲಿಲ್ಲ. 1902ರಲ್ಲಿ ಸ್ವತಂತ್ರವಾದ ಕ್ಯೂಬಾದ ಆರೋಗ್ಯ ಇಲಾಖೆಯ ಮುಖ್ಯಸ್ಥರಾಗಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿಯೂ, 1909ರವರೆಗೆ ದುಡಿದರು. ಆಗ ಬಡವರ ಮನೆಗಳಲ್ಲಿ ಹಸುಗೂಸುಗಳು ಧನುರ್ವಾಯುವಿನಿಂದ ಸಾಯುತ್ತಿದ್ದವು. ಹೊಕ್ಕುಳಬಳ್ಳಿಯನ್ನು ಕಟ್ಟಲು ಬಳಸುವ ಕೊಳಕು ದಾರದಲ್ಲಿಯೇ ಆ ರೋಗದ ಬೀಜವಿದೆಯೆಂದು ಪರೀಕ್ಷೆಯಿಂದ ತೋರಿಸಿ, ಶುದ್ಧೀಕರಿಸಿದ ದಾರ ಮತ್ತು ಬಟ್ಟೆಯ ಪೊಟ್ಟಣಗಳನ್ನು ಹಂಚುವ ಏರ್ಪಾಡು ಮಾಡಿದರು. ಒಂದು ತುಂಡು ದಾರದಿಂದ ತಾಯಂದಿರ ಮಡಿಲು ಉಳಿಯಿತು. ಬಡ ನಾಡುಗಳ ಮರಣಗಳಲ್ಲಿ ಎಷ್ಟೋ ಮರಣಗಳು ವಿಧಿಯಿಂದಲ್ಲ, ತಿಳಿವಳಿಕೆಯ ಕೊರತೆಯಿಂದ ಸಂಭವಿಸುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಡಾಕ್ಟರ್ ಫಿನ್ಲೆ 1915ರ ಆಗಸ್ಟ್ 20ರಂದು ಹವಾನಾದಲ್ಲಿ ಪ್ರಭುವಿನಲ್ಲಿ ವಿಶ್ರಾಂತರಾದರು. 1897ರ ಅದೇ ದಿನಾಂಕದಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಬೀಜವನ್ನು ಕಂಡಿದ್ದರು. ಈ ರಾಸ್ ಅವರು 1883ರಲ್ಲಿ ನಮ್ಮ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದಾಗ, ತಮ್ಮ ಬಂಗಲೆಯ ಬಳಿಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳು ಬೆಳೆಯುವುದನ್ನು ಗಮನಿಸಿದ್ದರು. ಮುಂದೆ ಫಿನ್ಲೆಯವರ ಹೆಸರನ್ನು ನೊಬೆಲ್ ಬಹುಮಾನಕ್ಕೆ ಸೂಚಿಸಿದವರಲ್ಲಿ ಅವರೂ ಒಬ್ಬರು. 1954ರಲ್ಲಿ ರೋಮ್ ನಗರದಲ್ಲಿ ಸೇರಿದ ವೈದ್ಯಕೀಯ ಇತಿಹಾಸದ ಅಂತರರಾಷ್ಟ್ರೀಯ ಸಮ್ಮೇಳನವು ಈ ಶೋಧನೆಯ ಮೊದಲ ಗೌರವ ಫಿನ್ಲೆಯವರದೇ ಎಂದು ಸಾರಿತು. ಅವರ ಜನ್ಮದಿನವಾದ ಡಿಸೆಂಬರ್ 3ನ್ನು ಕ್ಯೂಬಾದಲ್ಲಿ ವೈದ್ಯರ ದಿನವಾಗಿ ಆಚರಿಸುತ್ತಾರೆ.

ಪೀತಜ್ವರಕ್ಕೆ 1937ರಲ್ಲಿ ಮ್ಯಾಕ್ಸ್ ಥೈಲರ್ ಅವರ ಶ್ರಮದಿಂದ ಒಳ್ಳೆಯ ಲಸಿಕೆ ಸಿದ್ಧವಾಯಿತು. ಆದರೂ ಆ ಲಸಿಕೆ ಎಲ್ಲ ಬಡವರನ್ನೂ ಮುಟ್ಟಿಲ್ಲ. 2013ರಲ್ಲಿ ಆಫ್ರಿಕಾ ಖಂಡವೊಂದರಲ್ಲಿಯೇ ಈ ರೋಗದಿಂದ 29,000ದಿಂದ 60,000 ಮಂದಿ ಸತ್ತಿರಬಹುದೆಂದು ತಜ್ಞರ ಅಂದಾಜು. ನಮ್ಮ ನಾಡಿನಲ್ಲಿ ಪೀತಜ್ವರವಿಲ್ಲವೆಂಬುದು ದೇವರ ದಯೆ. ಆದರೆ ಅದನ್ನು ಹರಡುವ ಅದೇ ಸೊಳ್ಳೆ ನಮ್ಮ ಮನೆಗಳ ಹೂಕುಂಡ, ತೊಟ್ಟಿ, ಎಳನೀರ ಚಿಪ್ಪುಗಳಲ್ಲಿ ಬೆಳೆದು ಡೆಂಗ್ಯೂ, ಚಿಕುನ್‌ಗುನ್ಯಾ ಜ್ವರಗಳನ್ನು ಹರಡುತ್ತಿದೆ. ನೆರೆಯವನನ್ನು ಪ್ರೀತಿಸಬೇಕೆಂಬ ಪ್ರಭುವಿನ ಆಜ್ಞೆಯಲ್ಲಿ ನಮ್ಮ ಅಂಗಳದ ನಿಂತ ನೀರನ್ನು ಚೆಲ್ಲುವ ಕರ್ತವ್ಯವೂ ಅಡಗಿದೆ.

ಕೀರ್ತಿ ಯಾರಿಗೆ ಸಲ್ಲುವುದೆಂದು ಕೇಳದೆ ಜೋಪಾನ ಮಾಡಿದ ಮೊಟ್ಟೆಗಳನ್ನು ಪರರ ಕೈಗೆ ಕೊಟ್ಟ ಆ ವೃದ್ಧ ವೈದ್ಯರ ಔದಾರ್ಯವು ಈ ಶತಮಾನೋತ್ಸವದ ವರ್ಷದಲ್ಲಿ ನಮಗೆಲ್ಲರಿಗೂ ದಾರಿದೀಪವಾಗಲಿ. ಅವರಿಗೂ, ನಮ್ಮ ಧರ್ಮಕೇಂದ್ರವನ್ನು ಕಟ್ಟಿ ಹೆಸರಿಲ್ಲದೆ ಮರೆಯಾದ ಹಿರಿಯರಿಗೂ ಪ್ರಭುವು ನಿತ್ಯ ಶಾಂತಿಯನ್ನು ಕರುಣಿಸಲಿ.